ಕುರಿಯ ಗುಳ್ಳೆ, ನಾಯಿಯ ಹುಳು, ತೋಟದ ಸೊಪ್ಪು

ತೋಟದಲ್ಲಿ ಎರಡು ರಾತ್ರಿ ಕುರಿಮಂದೆ ನಿಲ್ಲಿಸಿಕೊಂಡರೆ ತೆಂಗಿಗೆ ಒಳ್ಳೆ ಗೊಬ್ಬರ. ಇದನ್ನು ಅರಳಗುಪ್ಪೆ ಸುತ್ತಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಂದೆಯ ಹಿಂದೆ ನಾಯಿಯೂ ಬರುತ್ತದೆ. ನಾನು ಹೇಳಹೊರಟಿರುವುದು ಕುರಿ ಹಿಕ್ಕೆಯ ವಿಷಯವಲ್ಲ, ಆ ನಾಯಿಯ ಮಲದ್ದು.

ಕುರಿ, ಮೇಕೆ ಕೊಯ್ದಾಗ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ಕಂಡಿರುತ್ತೀರಿ. ಆ ಭಾಗವನ್ನು ಕೊಯ್ದು ಪಕ್ಕದಲ್ಲಿ ಕಾಯುತ್ತಿರುವ ನಾಯಿಗೆ ಎಸೆಯುವುದು ರೂಢಿ. ಎಡವಟ್ಟಾಗುವುದು ಅಲ್ಲೇ. ಅದು ಹೈಡಾಟಿಡ್ ರೋಗದ ಗುಳ್ಳೆ. ಒಳಗೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳು ಸಾವಿರಗಟ್ಟಲೆ ಇರಬಹುದು. ನಾಯಿಯ ಕರುಳು ಸೇರಿದ ಆರೇಳು ವಾರಕ್ಕೆ ಅವು ಬಲಿತು ಮೊಟ್ಟೆ ಬಿಡುತ್ತವೆ. ಬಲಿತ ಹುಳುವಿನ ಉದ್ದ 2ರಿಂದ 7 ಮಿಲಿಮೀಟರ್ ಅಷ್ಟೆ. ನಾಯಿ ಸೊರಗುವುದೂ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಮಲದೊಡನೆ ಬಿದ್ದ ಮೊಟ್ಟೆ ಒಣಬಿಸಿಲಿಗೆ ಸಾಯುತ್ತದೆ, ನೆರಳು ತೇವ ಸಿಕ್ಕರೆ ತಿಂಗಳುಗಟ್ಟಲೆ ಬದುಕುತ್ತದೆ. ತೆಂಗಿನ ತೋಟದಲ್ಲಿ ಎರಡೂ ಉಂಟು. ಅಲ್ಲಿ ಮೇದ ಕುರಿಗೆ ಮತ್ತೆ ಗುಳ್ಳೆ. ಅಲ್ಲೇ ಕಿತ್ತ ಬೆರಕೆಸೊಪ್ಪನ್ನು ಸರಿಯಾಗಿ ತೊಳೆಯದಿದ್ದರೆ, ನಾಯಿಯ ಮೈ ಸವರಿದ ಕೈಯಲ್ಲೇ ಮಗು ಉಂಡರೆ, ಮೊಟ್ಟೆ ಮನುಷ್ಯರ ಹೊಟ್ಟೆಗೂ ಹೋಗುತ್ತದೆ. "ನಾವು ಬಾಡು ಮುಟ್ಟೋರಲ್ಲ, ನಮಗ್ಯಾಕೆ ಬರುತ್ತೆ?" ಎನ್ನುವವರಿದ್ದಾರೆ. ಈ ರೋಗ ಬಾಡು ತಿಂದು ಬರುವುದಲ್ಲ ಸ್ವಾಮಿ, ಅಪ್ಪಟ ಸಸ್ಯಾಹಾರಿಗಳನ್ನೂ ಬಿಡುವುದಿಲ್ಲ.

ಮನುಷ್ಯರಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬಲಪಕ್ಕೆಯಲ್ಲಿ ಭಾರ, ಬಿಡದ ಕೆಮ್ಮು ಇದ್ದರೆ ಸ್ಕ್ಯಾನಿಂಗ್ ಮಾಡಿಸಿ. ಮನೆಯಲ್ಲಿ ನಾಯಿ, ಕುರಿ ಇರುವುದನ್ನು ವೈದ್ಯರಿಗೆ ತಿಳಿಸಿ. ಗುಳ್ಳೆ ಒಡೆದರೆ ಜೀವಕ್ಕೇ ಅಪಾಯವಾಗಬಹುದು.

ನಾಯಿಗೆ ಕೊಡುವ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇರಲೇಬೇಕು; ಅದಿಲ್ಲದ ಜಂತಿನ ಮಾತ್ರೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಪ್ರಮಾಣ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ವರ್ಷಕ್ಕೆ ನಾಲ್ಕು ಸಲವಾದರೂ. ಹಸಿ ಮಾಂಸ ಸಿಗುವ ನಾಯಿಗಾದರೆ ಆರು ವಾರಕ್ಕೊಮ್ಮೆ. ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಸುಡಿ ಇಲ್ಲವೇ ಆಳಕ್ಕೆ ಹೂಳಿ. ಫಿನಾಯಿಲ್ ನಂಬಬೇಡಿ, ಕುದಿನೀರು ಸುರಿಯಿರಿ. ಮಂದೆ ಕರೆಸುವವರು ಕುರಿಗಾರರ ನಾಯಿಗಳ ಮಾತ್ರೆಯ ಖರ್ಚನ್ನೂ ತಾವೇ ಕೊಟ್ಟರೆ ನಷ್ಟವೇನಿಲ್ಲ.

ಐಸ್‌ಲ್ಯಾಂಡಿನಲ್ಲಿ ಒಂದು ಕಾಲಕ್ಕೆ ಈ ರೋಗ ವಿಪರೀತವಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ನಾಯಿಗಳ ಕರುಳು ಪರೀಕ್ಷಿಸಿ, ಜನರಿಗಾಗಿ ಸಣ್ಣ ಪುಸ್ತಿಕೆಯೊಂದನ್ನು ಬರೆದರು. ನಾಯಿಗೆ ಗುಳ್ಳೆಯ ಮಾಂಸ ಸಿಗದಂತೆ ಜನ ನೋಡಿಕೊಂಡರು. ಕಾಲಕ್ರಮದಲ್ಲಿ ರೋಗವೇ ಆ ದೇಶ ಬಿಟ್ಟಿತು. ಆಗ ಪ್ರಾಜಿಕ್ವಾಂಟೆಲ್ ಹುಟ್ಟಿರಲೇ ಇಲ್ಲ.

ಹೊಸತೊಡಕಿಗೋ ಮಾರಿಹಬ್ಬಕ್ಕೋ ಗುಡ್ಡೆಬಾಡು ಹಾಕುವಾಗ ಮರಿ ಕೊಯ್ಯುವ ಮುಂಚೆಯೇ ಮೂರ್ನಾಲ್ಕು ಅಡಿ ಗುಂಡಿ ತೋಡಿಸಿಡಿ. ಗುಳ್ಳೆ ಇರುವುದೆಲ್ಲ ಅದರೊಳಕ್ಕೆ. ಮೇಲೆ ಸುಣ್ಣ, ಮಣ್ಣು, ಕೆರೆಯದಂತೆ ಚಪ್ಪಡಿ. ನಾಯಿಗೆ ಹಾಕಲೇಬೇಕೆನಿಸಿದರೆ ಗುಳ್ಳೆಯಿಲ್ಲದ ತುಂಡುಗಳನ್ನೂ ಅರ್ಧ ಗಂಟೆ ಕುದಿಸಿ ಹಾಕಿ.