ಬಣ್ಣ ಕೂತ ಜಾಗ

ಐಸೋಆಕ್ಟೇನ್‌ನಲ್ಲಿ ಒಂದಿಷ್ಟು ಎಒಟಿ ಕರಗಿಸಿ, ಪಿಪೆಟ್ಟಿನಿಂದ ನೀರು ಬಿಟ್ಟು ಕುಲುಕಿದರೆ ಮೊದಲು ಮಬ್ಬಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಸೀಸೆಯ ಆಚೆಗಿನ ಅಕ್ಷರ ಓದುವಷ್ಟು ತಿಳಿಯಾಗುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಬೆಳಕೂ ಗುರುತಿಸದಷ್ಟು ಸಣ್ಣ ಹನಿಗಳಾಗಿರುತ್ತದೆ. ನೀರಿಗೆ ಒಗ್ಗುವ ತಲೆಯನ್ನು ಒಳಗಿಟ್ಟು, ಎಣ್ಣೆಗೆ ಒಗ್ಗುವ ಎರಡು ಬಾಲಗಳನ್ನು ಹೊರಗೆ ಚಾಚಿದ ಎಒಟಿ ಅಣುಗಳು ಒಂದೊಂದು ಹನಿಯನ್ನೂ ಸುತ್ತುಗಟ್ಟುತ್ತವೆ. ಇವೇ ರಿವರ್ಸ್ ಮಿಸೆಲ್‌ಗಳು. (ಮಲಬದ್ಧತೆಗೆ ಡಾಕ್ಟರು ಬರೆದುಕೊಡುವ ಡಾಕ್ಯುಸೇಟ್ ಎಂದರೆ ಇದೇ ಎಒಟಿ.) ಸಂಶೋಧನೆಯ ವರ್ಷಗಳನ್ನು ನಾನು ಇಂಥ ಹನಿಗಳೊಳಗೆ ಪ್ರತಿದೀಪಕ ಡೈಗಳನ್ನು ಸೇರಿಸಿ, ಅವು ಹೊಮ್ಮಿಸುವ ಬೆಳಕನ್ನು ಅಳೆಯುತ್ತ ಕಳೆದೆ.

ಒಂದು ಎಒಟಿ ಅಣುವಿಗೆ ಎಷ್ಟು ನೀರಿನ ಅಣು ಎಂಬ ಲೆಕ್ಕವೇ ಹನಿಯ ಗಾತ್ರವನ್ನು ತೀರ್ಮಾನಿಸುತ್ತದೆ. 10 ಇದ್ದರೆ ವ್ಯಾಸ ಸುಮಾರು 4 ನ್ಯಾನೋಮೀಟರ್, 20 ಇದ್ದರೆ 7. ಎಒಟಿ ಗಾಳಿಯ ತೇವ ಹೀರುವ ವಸ್ತು. ಹಾಗಾಗಿ ಮಳೆಗಾಲದಲ್ಲಿ ಅದನ್ನು ನಿರ್ವಾತದಲ್ಲಿ ಒಣಗಿಸಿ, ಉಳಿದ ನೀರನ್ನು ಕಾರ್ಲ್ ಫಿಷರ್ ವಿಧಾನದಿಂದ ಅಳೆದ ಮೇಲೆಯೇ ನಾವು ಕೆಲಸಕ್ಕೆ ಇಳಿಯುತ್ತಿದ್ದೆವು. ಅನುಪಾತ 2ರ ಹನಿಗೆ ಆ ಕದ್ದು ಬಂದ ನೀರೇ ದೊಡ್ಡ ಪಾಲು.

ನನಗೆ ಅತಿ ಪ್ರಿಯವಾದ ಡೈ ಪೈರನೀನ್. ನೇರಳೆ ಬೆಳಕು ಬಿದ್ದೊಡನೆ ಅದು ಪ್ರಬಲ ಆಮ್ಲವಾಗಿ, ತನ್ನ ಪ್ರೋಟಾನನ್ನು ಪಕ್ಕದ ನೀರಿಗೆ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಹೊಮ್ಮುವುದು 510 ನ್ಯಾನೋಮೀಟರ್ ಸುತ್ತಲಿನ ಹಸಿರು, ಕೊಡಲಾಗದಿದ್ದರೆ 440ರ ಸುತ್ತಲಿನ ನೀಲಿ. ಬೀಕರಿನ ನೀರಿನಲ್ಲಿ ಈ ಕೊಡುಕೊಳ್ಳುವಿಕೆ ಸುಮಾರು 100 ಪಿಕೋಸೆಕೆಂಡಿನ ಕೆಲಸ. ಡೈ ಬೆಳಗುವ ಅವಧಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಕಾಣುವುದೆಲ್ಲ ಹಸಿರೇ. ಅದೇ ಡೈಯನ್ನು ಅನುಪಾತ 2ರ ಹನಿಗೆ ಹಾಕಿದರೆ ಬಾಟಲಿಯಲ್ಲಿ ನೀಲಿ. ನೀರು ಸೇರಿಸುತ್ತ ಹೋದ ಹಾಗೆ ನೀಲಿ ಕುಗ್ಗಿ ಹಸಿರು ಏರುತ್ತದೆ. ಪ್ರೋಟಾನ್ ಹೊರಡಬೇಕಾದರೆ ಸುತ್ತಲ ನೀರಿನ ಅಣುಗಳು ತಿರುಗಿ, ಹೈಡ್ರೋಜನ್ ಬಂಧಗಳನ್ನು ಹೊಸದಾಗಿ ಕಟ್ಟಿಕೊಂಡು ಅದನ್ನು ಸಾಗಿಸಬೇಕು. ಸಣ್ಣ ಹನಿಯಲ್ಲಿ ಆ ನೀರೆಲ್ಲ ಎಒಟಿಯ ತಲೆಗಳನ್ನೂ ಸೋಡಿಯಂ ಅಯಾನುಗಳನ್ನೂ ಸುತ್ತುವರಿದು ಸಿಕ್ಕಿಬಿದ್ದಿರುತ್ತದೆ. ನೀರಿನ ಅಣುಗಳ ಈ ಬಿಡುವಿಲ್ಲದ ಸ್ಥಿತಿ ಬರಿಗಣ್ಣಿಗೇ ಬಣ್ಣವಾಗಿ ಕಾಣುವುದು ನನಗೆ ಇಂದಿಗೂ ರೋಮಾಂಚನ.

ಪೈರನೀನ್‌ಗೆ ಮೂರು ಋಣ ಚಾರ್ಜ್. ಎಒಟಿಯ ತಲೆಗಳಿಗೂ ಋಣ ಚಾರ್ಜ್. ಆದ್ದರಿಂದ ಅದು ಅಂಚಿನಿಂದ ದೂರ ಸರಿದು ಹನಿಯ ನಡುವಿಗೆ ಹೋಗುತ್ತದೆ. ರೋಡಮೈನ್ 6ಜಿ ಧನ ಚಾರ್ಜಿನದು, ಅಂಚಿಗೆ ಅಂಟಿಕೊಳ್ಳುತ್ತದೆ. ಹನಿ ಹಿಗ್ಗಿದರೂ ಅದರ ತಿರುಗಾಟ ನಿಧಾನವೇ. ಎರಡು ಡೈಗಳನ್ನೂ ಒಂದೇ ಹನಿಯ ಬಗ್ಗೆ ಕೇಳಿದರೆ ಉತ್ತರ ಬೇರೆ ಬೇರೆ, ಎರಡೂ ನಿಜ. ಜಗಲಿಯಲ್ಲಿ ಕೂತವರು ಹೇಳುವ ಮನೆಯ ಸುದ್ದಿ ಒಂದು, ನಡುಮನೆಯವರದು ಇನ್ನೊಂದು. ನಾನು ಹೊಸ ಗ್ರಾಫ್ ತೋರಿಸಿದಾಗಲೆಲ್ಲ ನಮ್ಮ ಗೈಡ್, "ಮೊದಲು ಡೈ ಎಲ್ಲಿ ಕೂತಿದೆ ಹೇಳಮ್ಮ, ಆಮೇಲೆ ನೀರಿನ ಸುದ್ದಿ" ಎನ್ನುತ್ತಿದ್ದರು. ನಾನು ಕಲಿತದ್ದರಲ್ಲಿ ತೂಕದ ಪಾಠ ಇದೇ.

ಕೂಮರಿನ್ ಡೈಗಳ ಕಥೆಯನ್ನೇ ನೋಡಿ. ಬೆಳಕು ಹೀರಿದ ಕೂಮರಿನ್‌ಗೆ ನೀರು ಹೊಂದಿಕೊಳ್ಳುವ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಕೆಲವೇ ಹತ್ತು ಫೆಮ್ಟೋಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂದು 1994ರಲ್ಲಿ ಗ್ರಹಾಂ ಫ್ಲೆಮಿಂಗ್ ಮತ್ತು ಸಂಗಡಿಗರು ತೋರಿಸಿದರು. ಎರಡು ವರ್ಷದ ನಂತರ ಕೋಲ್ಕತ್ತದ ಕಂಕನ್ ಭಟ್ಟಾಚಾರ್ಯ ಅವರ ತಂಡಕ್ಕೆ ಎಒಟಿ ಹನಿಗಳಲ್ಲಿ ಕೂಮರಿನ್ 480 ತೋರಿಸಿದ್ದು ನ್ಯಾನೋಸೆಕೆಂಡುಗಳ ನಿಧಾನ. ಇಂಥ ನಿಧಾನಕ್ಕೆ ಕಾರಣ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿಮನ್ ಬಾಗ್ಚಿ ಮುಖ್ಯರು. ಕಟ್ಟಿಗೆ ಸಿಕ್ಕ ನೀರು ಮತ್ತು ಬಿಡಿ ನೀರಿನ ನಡುವಿನ ಅದಲುಬದಲನ್ನು ಅವರೂ ನಿಲಾಶಿಸ್ ನಂದಿಯವರೂ ಲೆಕ್ಕಕ್ಕೆ ತಂದರು. ಮುಂದೆ ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಫೇಯರ್ ತಂಡ ಡೈಯನ್ನೇ ಬಿಟ್ಟು, ಇನ್‌ಫ್ರಾರೆಡ್ ಬೆಳಕಿನಿಂದ ನೀರನ್ನೇ ನೇರ ನೋಡಿತು. ನೀರಿನ ಅಣು ಮಗ್ಗುಲು ಬದಲಿಸಲು ಸಾಮಾನ್ಯ ನೀರಿನಲ್ಲಿ 2.6 ಪಿಕೋಸೆಕೆಂಡ್, ದೊಡ್ಡ ಹನಿಗಳ ಅಂಚಿನಲ್ಲಿ ಸುಮಾರು 18. ನಿಧಾನ ಹೌದು, ಆದರೆ ನ್ಯಾನೋಸೆಕೆಂಡುಗಳ ನಿಧಾನವಲ್ಲ. ಅಂಚಿನ ಬಳಿ ಕೂತ ಡೈ ನೀರಿನ ಜೊತೆಗೆ ಎಒಟಿ ತಲೆಗಳ, ಅಯಾನುಗಳ, ತನ್ನದೇ ಓಡಾಟದ ನಿಧಾನವನ್ನೂ ಸೇರಿಸಿ ಹೇಳುತ್ತಿತ್ತು ಎಂದೇ ನಾನು ಓದುತ್ತೇನೆ.

ಹನಿಯ ಪಿಎಚ್ ಎಷ್ಟು ಎಂದು ಕಿರಿಯರು ಕೇಳುತ್ತಾರೆ. 4 ನ್ಯಾನೋಮೀಟರ್ ವ್ಯಾಸದ ಹನಿಯಲ್ಲಿ ಪಿಎಚ್ 7ರ ನೀರಿದೆ ಎಂದುಕೊಂಡು ಗುಣಿಸಿ ನೋಡಿ. ಐದು ಲಕ್ಷ ಹನಿ ಹುಡುಕಿದರೆ ಒಂದು ಬಿಡಿ ಪ್ರೋಟಾನ್! ಬೀಕರಿನ ಅಳತೆಗೋಲನ್ನು ಇಲ್ಲಿಗೆ ಹಾಗೇ ತರಲಾಗದು. ಡೈಯ ಪ್ರಮಾಣಕ್ಕೂ ಇದೇ ಎಚ್ಚರ ಬೇಕು. ಹತ್ತು ಹನಿಗೆ ಒಂದು ಡೈ ಎಂಬ ಲೆಕ್ಕದಲ್ಲಿ ಹಾಕಿದರೆ, ಎರಡು ಡೈ ಒಟ್ಟಿಗೆ ಸೇರುವುದು ಸಾವಿರದಲ್ಲಿ ಐದು ಹನಿಗಳಲ್ಲಿ ಮಾತ್ರ. ಅದಕ್ಕಿಂತ ಹೆಚ್ಚಿಸಿದರೆ ರೋಡಮೈನ್ ಜೋಡಿಗಟ್ಟಿ ಮಂಕಾಗುತ್ತದೆ.

ಈಗ ಹೊಸ ಡೈ ಕೈಗೆ ಬಂದರೆ ಅದನ್ನು ಎರಡು ಬಗೆಯ ಹನಿಗಳಲ್ಲಿ ಅಕ್ಕಪಕ್ಕ ನೋಡುತ್ತೇನೆ, ಒಂದು ಎಒಟಿಯದು, ಇನ್ನೊಂದು ಧನ ಚಾರ್ಜಿನ ಸಿಟ್ಯಾಬ್‌ನದು. ಸಿಟ್ಯಾಬ್ ಹನಿಯಲ್ಲಿ ಪೈರನೀನ್ ನಡುವನ್ನು ಬಿಟ್ಟು ಅಂಚಿಗೆ ಬಂದು ಕೂರುತ್ತದೆ. ಅಲ್ಲಿ ಅದು ಹೊಮ್ಮಿಸುವ ಬೆಳಕನ್ನು ಅಂಚಿನ ಸುದ್ದಿಯೆಂದೇ ಬರೆದುಕೊಳ್ಳುತ್ತೇನೆ.