ತೆರೆಯ ಮೇಲಿನ ರೈತ: ಅರಿವು ಹೊಲಕ್ಕೆ ತಲುಪುವ ಬಗೆ

ಪಾಠದ ಉದ್ದೇಶ
ತಂತ್ರಜ್ಞಾನದ ಮೂಲಕ ಸಣ್ಣ ರೈತರಿಗೆ ಕೃಷಿಜ್ಞಾನ ತಲುಪಿಸಿದ ಪ್ರಯತ್ನವೊಂದನ್ನು ಪರಿಚಯಿಸುವುದು. ಅದರಲ್ಲಿ ಆಡುಮಾತಿಗಿರುವ ಸ್ಥಾನವನ್ನು ವಿದ್ಯಾರ್ಥಿಗಳು ಕಂಡುಕೊಳ್ಳುವಂತೆ ಮಾಡುವುದು.

ಪೀಠಿಕೆ
ಎರಡು ಹೆಕ್ಟೇರಿಗಿಂತ ಕಡಿಮೆ ಭೂಮಿಯುಳ್ಳವರನ್ನು ಸಣ್ಣ ಮತ್ತು ಅತಿಸಣ್ಣ ರೈತರೆಂದು ಗುರುತಿಸಲಾಗುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಹಿಡುವಳಿಗಳಲ್ಲಿ ಸುಮಾರು ಶೇ. 86ರಷ್ಟು ಇಂಥವರವು. ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾದ ತಿಳಿವಳಿಕೆ ಇವರ ಹೊಲವನ್ನು ಮುಟ್ಟುವ ದಾರಿ ದೂರದ್ದು. ಗಡಿನಾಡಿನ ಕನ್ನಡಿಗರಿಗೆ ಆ ದಾರಿಯಲ್ಲಿ ಇನ್ನೊಂದು ತೊಡಕೂ ಉಂಟು. ಇಲಾಖೆಯ ಸೂಚನೆ ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ. ಬಿತ್ತನೆ, ಕಳೆ, ಗೊಬ್ಬರಗಳ ಮಾತು ಮನೆಯಲ್ಲಿ ಕನ್ನಡದಲ್ಲಿ ನಡೆಯುತ್ತದೆ.

ವಿಷಯ ನಿರೂಪಣೆ
2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ‘ಡಿಜಿಟಲ್ ಗ್ರೀನ್’ ಎಂಬ ಸಂಶೋಧನಾ ಯೋಜನೆಯನ್ನು ಕೈಗೆತ್ತಿಕೊಂಡರು. 2008ರಲ್ಲಿ ಅದು ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ಮುಂದೆ ಭಾರತದ ಹಲವು ರಾಜ್ಯಗಳಿಗೂ ಇಥಿಯೋಪಿಯಾಕ್ಕೂ ಅದರ ಕಾರ್ಯ ವಿಸ್ತರಿಸಿತು.

ಅದರ ವಿಧಾನ ಸರಳವಾದುದು. ಒಂದು ಊರಿನ ರೈತರು ತಮ್ಮ ಹೊಲದಲ್ಲೇ ನಿಂತು ಒಂದು ಕೃಷಿಕ್ರಮವನ್ನು ತಮ್ಮ ಮಾತಿನಲ್ಲಿ ವಿವರಿಸುತ್ತಾರೆ. ಅದನ್ನು ಕಿರುಚಿತ್ರವಾಗಿಸಿ ನೆರೆಹೊರೆಯ ಊರುಗಳ ಸಣ್ಣ ಗುಂಪುಗಳಿಗೆ ತೋರಿಸಲಾಗುತ್ತದೆ. ಸ್ಥಳೀಯರೇ ಆದ ನಿರ್ವಾಹಕರೊಬ್ಬರು ನಡುನಡುವೆ ಚಿತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಸಂದೇಹಗಳಿಗೆ ಕಿವಿಗೊಡುತ್ತಾರೆ. ಯಾರು ಬಂದರು, ಬಳಿಕ ಯಾರು ಆ ಕ್ರಮವನ್ನು ಅನುಸರಿಸಿದರು ಎಂಬುದನ್ನು ಬರೆದಿಡುತ್ತಾರೆ.

ಕರ್ನಾಟಕದಲ್ಲಿ 16 ಹಳ್ಳಿಗಳನ್ನು ಒಳಗೊಂಡು ನಡೆದ ಆರಂಭದ ಪರೀಕ್ಷೆಯಲ್ಲಿ, ಅಧಿಕಾರಿಗಳ ಭೇಟಿ ಮತ್ತು ತರಬೇತಿಯನ್ನಷ್ಟೇ ನೆಚ್ಚಿದ ಹಳೆಯ ಪದ್ಧತಿಗಿಂತ ಆರೇಳು ಪಟ್ಟು ಹೆಚ್ಚಾಗಿ ಕೆಲವು ಕೃಷಿಕ್ರಮಗಳು ಬಳಕೆಗೆ ಬಂದುದು ಕಂಡಿತು. ಚಿತ್ರ ನೋಡಿದವರು ಮೊದಲು ವಿಚಾರಿಸುತ್ತಿದ್ದುದು ತೆರೆಯ ಮೇಲಿನ ರೈತನ ಹೆಸರೇನು, ಯಾವ ಊರು ಎಂದು. ತಮ್ಮಂತೆಯೇ ಮಾತನಾಡುವ, ತಮ್ಮಷ್ಟೇ ಭೂಮಿಯುಳ್ಳ ಒಬ್ಬರು ಮಾಡಿದ್ದಾರೆಂದರೆ ತಮಗೂ ಸಾಧ್ಯವೆಂಬ ಧೈರ್ಯ ಮೂಡುತ್ತದೆ. ಯಂತ್ರಕ್ಕಿಂತ ಅದರ ಸುತ್ತ ಕುಳಿತ ಜನರೇ ಮುಖ್ಯ ಎಂಬುದು ಆ ಸಂಶೋಧಕರ ನಿಲುವೂ ಆಗಿತ್ತು.

ಆದರೆ ಹೊಸ ಕ್ರಮ ಬಳಕೆಗೆ ಬಂದ ಮಾತ್ರಕ್ಕೆ ಆದಾಯ ಹೆಚ್ಚಿತೆಂದು ಹೇಳಲಾಗದು. ಮಳೆ, ಸಾಲ, ಮಾರುಕಟ್ಟೆಯ ಬೆಲೆ ಇವು ಚಿತ್ರದ ಹಿಡಿತಕ್ಕೆ ಹೊರಗಿನವು. ಈ ಮಿತಿಯನ್ನೂ ತರಗತಿಯಲ್ಲಿ ಸ್ಪಷ್ಟಪಡಿಸಬೇಕು.

ಚಟುವಟಿಕೆ
1. ವಿದ್ಯಾರ್ಥಿಗಳು ನಾಲ್ವರ ಗುಂಪುಗಳಾಗಿ, ಊರಿನ ಅನುಭವಿ ಕೃಷಿಕರೊಬ್ಬರ ಅನುಮತಿ ಪಡೆದು, ಬೀಜ ಕಾಪಿಡುವುದು, ಗೊಬ್ಬರ ಮಾಗಿಸುವುದು ಮೊದಲಾದ ಒಂದು ಕೆಲಸದ ವಿವರಣೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಲಿ.
2. ಅದರಲ್ಲಿ ಬಂದ ಕೃಷಿಪದಗಳನ್ನು ಪಟ್ಟಿಮಾಡಿ, ಗ್ರಾಂಥಿಕ ಕನ್ನಡದ ಪದವನ್ನೂ ರಾಜ್ಯಭಾಷೆಯ ಪದವನ್ನೂ ಪಕ್ಕದಲ್ಲಿ ಬರೆಯಲಿ.
3. ಅದೇ ಕೆಲಸವನ್ನು ಹಂತಹಂತವಾಗಿ ಹತ್ತು ವಾಕ್ಯಗಳ ಗದ್ಯದಲ್ಲಿ ನಿರೂಪಿಸಲಿ.

ಶಿಕ್ಷಕರಿಗೆ ಸೂಚನೆ
ತಾಳವಾಡಿಯ ಮಾತು ಸೊಲ್ಲಾಪುರದ ಮಾತಿನಂತಿಲ್ಲ. ಕಾಸರಗೋಡಿನದು ಮತ್ತೂ ಬೇರೆ. ಹಿರಿಯರ ಉಚ್ಚಾರವನ್ನು ತಪ್ಪೆಂದು ತಿದ್ದಬಾರದು. ತಿದ್ದಿದರೆ ಮನೆಯ ಮಾತಿಗೆ ಬೆಲೆಯಿಲ್ಲವೆಂಬ ಭಾವನೆ ಮಗುವಿನಲ್ಲಿ ಬೇರೂರೀತು. ಔಷಧಿ, ಗೊಬ್ಬರದ ಪ್ರಮಾಣದ ಮಾತು ಬಂದಲ್ಲಿ ಮಾತ್ರ ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಅಗತ್ಯ. ರಾಜ್ಯಭಾಷೆಯ ಪ್ರಕಟಣೆಯನ್ನು ಓದಿ ಮನೆಯವರಿಗೆ ಕನ್ನಡದಲ್ಲಿ ತಿಳಿಸಬಲ್ಲ ವಿದ್ಯಾರ್ಥಿಯು ಆ ಕಿರುಚಿತ್ರದ ನಿರ್ವಾಹಕರ ಕೆಲಸವನ್ನೇ ಮಾಡುತ್ತಾನೆ ಅಥವಾ ಮಾಡುತ್ತಾಳೆ. ಎರಡೂ ಭಾಷೆಗಳಲ್ಲಿ ಹಿಡಿತ ಬೇಕೆಂಬುದಕ್ಕೆ ಇದನ್ನು ನಿದರ್ಶನವಾಗಿ ಬಳಸಬಹುದು.

ಅಭ್ಯಾಸ ಪ್ರಶ್ನೆಗಳು
1. ಚಿತ್ರವನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದರ ಪ್ರಯೋಜನವೇನು?
2. ನೋಡುಗರು ರೈತನ ಊರನ್ನು ವಿಚಾರಿಸುತ್ತಿದ್ದುದು ಏಕೆ?
3. ನಿಮ್ಮ ಊರಿನಲ್ಲಿ ಇಂಥ ಚಿತ್ರ ತಯಾರಿಸುವುದಾದರೆ ಯಾರಿಂದ, ಯಾವ ಕೆಲಸದ ಬಗ್ಗೆ ಮಾತನಾಡಿಸುವಿರಿ? ಕಾರಣ ಕೊಡಿ.