ವಕೀಲರ ಕಚೇರಿಗೆ ವಿಮೆ: ಖರ್ಚಿನ ಲೆಕ್ಕ ಹಾಕುವುದು ಹೇಗೆ?

2024ರ ಮೇ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ವಕೀಲರಿಗೆ ದೊಡ್ಡ ನೆಮ್ಮದಿ ತಂದಿತು. ವಕೀಲಿಕೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2007ರ ಆದೇಶ ಅಂದು ರದ್ದಾಯಿತು. ಹಾಗಿದ್ದರೆ ವಿಮೆಯ ಗೊಡವೆಯೇ ಬೇಡ ಎಂದುಕೊಂಡರೆ ಅದು ಅವಸರದ ಲೆಕ್ಕ. ಮುಚ್ಚಿದ್ದು ಗ್ರಾಹಕ ಆಯೋಗದ ಬಾಗಿಲು ಮಾತ್ರ, ಸಿವಿಲ್ ಕೋರ್ಟಿನದು ತೆರೆದೇ ಇದೆ. ವೃತ್ತಿಯಲ್ಲಿನ ನಿರ್ಲಕ್ಷ್ಯದಿಂದ ಕಕ್ಷಿದಾರರಿಗೆ ನಷ್ಟವಾದರೆ ದಾವೆಯಿಂದ ವಿನಾಯಿತಿ ಇಲ್ಲ ಎಂದು 1926ರ ಲೀಗಲ್ ಪ್ರಾಕ್ಟೀಷನರ್ಸ್ (ಫೀಸ್) ಕಾಯ್ದೆಯ 5ನೇ ಕಲಮು ಹೇಳುತ್ತದೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1988ರಷ್ಟು ಹಿಂದೆಯೇ ಈ ಕಲಮನ್ನು ಎತ್ತಿ ತೋರಿಸಿತ್ತು.

ವಕೀಲರ ಕಚೇರಿಗೆ ಬೇಕಾದ ವಿಮೆಗಳಲ್ಲಿ ಮೊದಲನೆಯದು, ಖರ್ಚಿನಲ್ಲೂ ಸಾಮಾನ್ಯವಾಗಿ ದೊಡ್ಡದು, ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ. ಇಂಗ್ಲೆಂಡಿನ ಸಾಲಿಸಿಟರ್ ಸಂಸ್ಥೆಗಳಿಗೆ ಇದು ಕಡ್ಡಾಯ. ಎಲ್‌ಎಲ್‌ಪಿ ಅಥವಾ ಕಂಪನಿಯಾದರೆ ಕನಿಷ್ಠ 30 ಲಕ್ಷ ಪೌಂಡ್, ಉಳಿದವರಿಗೆ 20 ಲಕ್ಷ ಪೌಂಡ್ ರಕ್ಷಣೆ ಇರಲೇಬೇಕು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಖಾಸಗಿ ವಕೀಲರಿಗೆ 1978ರಿಂದಲೂ ಕಡ್ಡಾಯ. ಭಾರತದಲ್ಲಿ ಅಂಥ ನಿಯಮವಿಲ್ಲ. ಕೊಳ್ಳುವುದೂ ಬಿಡುವುದೂ ವಕೀಲರ ವಿವೇಚನೆಗೆ ಬಿಟ್ಟದ್ದು.

ಮೊದಲು ಕೆಲಸದ ಬಗೆ ಅಳೆಯಿರಿ

ಪ್ರೀಮಿಯಂಗೆ ಸಿದ್ಧ ದರಪಟ್ಟಿ ಇಲ್ಲ. ಪ್ರಪೋಸಲ್ ಫಾರಂನಲ್ಲಿ ಕಚೇರಿಯ ವಾರ್ಷಿಕ ಫೀಸು ಎಷ್ಟು, ವಕೀಲರು ಎಷ್ಟು ಮಂದಿ, ಯಾವ ಕೆಲಸದಿಂದ ಎಷ್ಟು ಆದಾಯ, ಹಿಂದೆ ಕ್ಲೇಮು ಬಂದಿತ್ತೇ ಎಂದೆಲ್ಲ ವಿಮಾ ಕಂಪನಿ ಕೇಳುತ್ತದೆ. ಬೆಲೆ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಉತ್ತರಗಳ ಮೇಲೆ.

ಕರ್ನಾಟಕದಲ್ಲಿ ಹೆಚ್ಚು ಅಪಾಯವಿರುವುದು ಆಸ್ತಿಯ ಹಕ್ಕಿನ ಬಗ್ಗೆ ಕೊಡುವ ಕಾನೂನು ಅಭಿಪ್ರಾಯದಲ್ಲಿ ಎಂದರೆ ತಪ್ಪಾಗಲಾರದು. ಮೂಲಪತ್ರ, ಇಸಿ, ಪಹಣಿ ಎಲ್ಲ ಸರಿಯಿದ್ದರೂ, ಅದು ಹಿಂದೊಮ್ಮೆ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರಾದ ಜಮೀನು ಎಂಬುದು ಕಣ್ತಪ್ಪಿತೆನ್ನಿ. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಪರಭಾರೆಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಒಂದು ಪುಟದ ಅಭಿಪ್ರಾಯಕ್ಕೆ ಸಿಕ್ಕ ಫೀಸು ಕೆಲವೇ ಸಾವಿರ, ಆದರೆ ಅದನ್ನು ನಂಬಿ ಕೊಟ್ಟ ಸಾಲ ಅಥವಾ ಕಟ್ಟಿದ ಕ್ರಯದ ಹಣ ಕೋಟಿ ದಾಟಿರಬಹುದು. ಹೈದರಾಬಾದಿನ ವಿಜಯ ಬ್ಯಾಂಕ್ ಶಾಖೆಯ ಸಾಲಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಬರೀ ನಿರ್ಲಕ್ಷ್ಯಕ್ಕಾಗಿ ಪ್ಯಾನೆಲ್ ವಕೀಲರನ್ನು ಒಳಸಂಚಿನ ಆರೋಪಿಯಾಗಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಅದೇ ತೀರ್ಪು ನಿರ್ಲಕ್ಷ್ಯಕ್ಕೆ ಬೇರೆ ಹೊಣೆಗಾರಿಕೆ ಇರಬಹುದು ಎಂಬುದನ್ನು ಅಲ್ಲಗಳೆಯಲಿಲ್ಲ.

ಎರಡನೇ ಅಪಾಯ, ತಾರೀಕು. ಪಂಚಾಯ್ತಿ ತೀರ್ಪನ್ನು, ಅಂದರೆ ಆರ್ಬಿಟ್ರೇಷನ್ ಅವಾರ್ಡನ್ನು, ಪ್ರಶ್ನಿಸಲು ಇರುವುದು ಮೂರು ತಿಂಗಳು. ಸಕಾರಣವಿದ್ದರೆ ಇನ್ನು 30 ದಿನ, ಅಷ್ಟೇ. ವಾಣಿಜ್ಯ ದಾವೆಯಲ್ಲಿ ಸಮನ್ಸ್ ತಲುಪಿದ 120 ದಿನಗಳ ಬಳಿಕ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಚೆಕ್ ಬೌನ್ಸ್ ನೋಟಿಸಿಗೆ ಬ್ಯಾಂಕಿನ ಮಾಹಿತಿ ಸಿಕ್ಕಿ 30 ದಿನ. ಗುಮಾಸ್ತರ ಡೈರಿಯ ಒಂದು ತಪ್ಪು ನಮೂದು ಸಾಕು, ಕಕ್ಷಿದಾರರ ಕೇಸು ಮುಗಿದಂತೆ.

ಮೊತ್ತ, ದರ, ತೆರಿಗೆ

ಎಷ್ಟು ಮೊತ್ತಕ್ಕೆ ಪಾಲಿಸಿ? ತಮ್ಮ ಆದಾಯ ನೋಡಿ ಹೇಳುವವರೇ ಹೆಚ್ಚು. ನೋಡಬೇಕಾದದ್ದು ಕೈಯಲ್ಲಿರುವ ಅತಿ ದೊಡ್ಡ ವ್ಯವಹಾರದ ಮೌಲ್ಯ. ಜೊತೆಗೆ ಒಂದು ಕ್ಲೇಮಿಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂಬ ಅನುಪಾತವನ್ನೂ ಗಮನಿಸಬೇಕು. ವಾರ್ಷಿಕ ಮಿತಿ 50 ಲಕ್ಷವಿದ್ದು ಅನುಪಾತ 1:1 ಆಗಿದ್ದರೆ ಒಂದೇ ಕ್ಲೇಮಿಗೆ ಪೂರ್ತಿ 50 ಲಕ್ಷ ಸಿಗುತ್ತದೆ, 1:2 ಆದರೆ 25 ಲಕ್ಷ ಮಾತ್ರ. ಎರಡು ಕೊಟೇಷನ್‌ಗಳಲ್ಲಿ ಒಂದು ವಿಪರೀತ ಅಗ್ಗವಾಗಿ ಕಂಡರೆ ಮೊದಲು ಈ ಅನುಪಾತ ನೋಡಿ.

ಲೆಕ್ಕದ ಅನುಕೂಲಕ್ಕೆ ದರ ಶೇ 0.4 ಎಂದಿಟ್ಟುಕೊಳ್ಳೋಣ. 50 ಲಕ್ಷದ ಪಾಲಿಸಿಗೆ ಪ್ರೀಮಿಯಂ 20,000 ರೂಪಾಯಿ. ಶೇ 18ರ ಜಿಎಸ್‌ಟಿ 3,600. ಒಟ್ಟು 23,600. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಸಿಕ್ಕಿರುವ ಜಿಎಸ್‌ಟಿ ವಿನಾಯಿತಿ ಇದಕ್ಕಿಲ್ಲ. ಇಲ್ಲೊಂದು ಕಿರಿಕಿರಿಯೂ ಇದೆ. ವಕೀಲರ ಸೇವೆಯ ಮೇಲಿನ ತೆರಿಗೆಯನ್ನು ವ್ಯಾಪಾರಿ ಕಕ್ಷಿದಾರರೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟುವುದರಿಂದ, ಪ್ರೀಮಿಯಂ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಪಡೆಯಲು ವಕೀಲರಿಗೆ ಸಾಮಾನ್ಯವಾಗಿ ದಾರಿಯಿಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ ಪ್ರೀಮಿಯಂ ವೃತ್ತಿಯ ಖರ್ಚಾಗಿ ಕಳೆಯುತ್ತದೆ. ಹೋಲಿಕೆಗೆ ಬೇಕಿದ್ದರೆ, ಓರೆಗಾನ್‌ನಲ್ಲಿ 2015ರಲ್ಲಿ 3 ಲಕ್ಷ ಡಾಲರ್ ರಕ್ಷಣೆಗೆ ವಕೀಲರೊಬ್ಬರು ಕಟ್ಟುತ್ತಿದ್ದುದು 3,500 ಡಾಲರ್, ಅಂದರೆ ಶೇ 1ಕ್ಕಿಂತ ತುಸು ಹೆಚ್ಚು.

ಪ್ರೀಮಿಯಂ ತಗ್ಗಿಸಲು ಎಕ್ಸೆಸ್ ಹೆಚ್ಚಿಸಬಹುದು. ಎಕ್ಸೆಸ್ ಎಂದರೆ ಪ್ರತಿ ಕ್ಲೇಮಿನಲ್ಲಿ ವಕೀಲರೇ ಭರಿಸುವ ಮೊದಲ ಪಾಲು. ಜೇಬಿನಿಂದ ತಕ್ಷಣ ಕೊಡಲಾಗುವಷ್ಟಕ್ಕೆ ಇದನ್ನು ನಿಲ್ಲಿಸುವುದು ಜಾಣತನ.

ಬೆಲೆಗಿಂತ ಮುಖ್ಯವಾದ ತಾರೀಕು

ಈ ಪಾಲಿಸಿಗಳು ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಪದ್ಧತಿಯವು. ತಪ್ಪು ನಡೆದ ವರ್ಷದ ಪಾಲಿಸಿಯಲ್ಲ, ಕ್ಲೇಮು ಬಂದ ವರ್ಷದ ಪಾಲಿಸಿ ಹಣ ಕೊಡುತ್ತದೆ. ಅದೂ ತಪ್ಪು ನಡೆದದ್ದು ಪಾಲಿಸಿಯಲ್ಲಿ ಬರೆದ ರೆಟ್ರೊಆಕ್ಟಿವ್ ಡೇಟ್‌ನ ನಂತರವಾಗಿದ್ದರೆ. 2019ರಿಂದ ಪಾಲಿಸಿ ಇದ್ದ ಕಚೇರಿ ಒಂದು ವರ್ಷ ನವೀಕರಣ ಮರೆತು, ಆಮೇಲೆ ಅಗ್ಗಕ್ಕೆ ಹೊಸ ಪಾಲಿಸಿ ಕೊಂಡರೆ ಆ ತಾರೀಕು ಮುಂದಕ್ಕೆ ಜರುಗಬಹುದು. ಆಗ ಹಳೆಯ ಕೆಲಸಗಳಿಗೆಲ್ಲ ರಕ್ಷಣೆ ಹೋದಂತೆ. ಕಂಪನಿ ಬದಲಿಸುವಾಗ ಹಳೆಯ ತಾರೀಕೇ ಮುಂದುವರಿಯುವಂತೆ ಬರೆಸಿಕೊಳ್ಳಬೇಕು. ನಿವೃತ್ತರಾಗುವವರು, ಕಚೇರಿ ಮುಚ್ಚುವವರು ‘ರನ್ ಆಫ್’ ರಕ್ಷಣೆಯನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ ಸಂಸ್ಥೆ ಮುಚ್ಚಿದ ಮೇಲೂ ಆರು ವರ್ಷ ಇದು ಕಡ್ಡಾಯ.

ಪಾಲುದಾರಿಕೆಯಲ್ಲಿ ನಡೆಯುವ ಕಚೇರಿಗೆ ಇನ್ನೊಂದು ಮಾತು. 1932ರ ಪಾಲುದಾರಿಕೆ ಕಾಯ್ದೆಯಂತೆ ಒಬ್ಬರ ತಪ್ಪಿಗೆ ಎಲ್ಲ ಪಾಲುದಾರರೂ ಹೊಣೆ. ಆದ್ದರಿಂದ ಪಾಲಿಸಿ ಹಿರಿಯರೊಬ್ಬರ ಹೆಸರಿನಲ್ಲಿದ್ದರೆ ಸಾಲದು. ಸಂಸ್ಥೆ, ಪಾಲುದಾರರು, ಜೂನಿಯರ್‌ಗಳು ಎಲ್ಲರೂ ಅದರಲ್ಲಿ ಸೇರಿರಬೇಕು.

ಉಳಿದ ವಿಮೆಗಳು

ಕಚೇರಿಯ ಪೀಠೋಪಕರಣ, ಕಂಪ್ಯೂಟರ್, ಪುಸ್ತಕಗಳಿಗೆ ಬೆಂಕಿ ಮತ್ತು ಪ್ರವಾಹದ ರಕ್ಷಣೆ ಬೇಕಿದ್ದರೆ 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿ ಇದೆ. ಒಂದು ಸ್ಥಳದಲ್ಲಿ 5 ಕೋಟಿಯವರೆಗಿನ ಆಸ್ತಿಗೆ ಅನ್ವಯ. ಸಾವಿರಕ್ಕೆ ಒಂದು ರೂಪಾಯಿ ದರ ಹಿಡಿದರೂ 10 ಲಕ್ಷದ ಸಾಮಾನಿಗೆ ಖರ್ಚು 1,000 ರೂಪಾಯಿ ಮತ್ತು ಜಿಎಸ್‌ಟಿ. ಆದರೆ ಕಪಾಟಿನಲ್ಲಿರುವ ಕಕ್ಷಿದಾರರ ಮೂಲಪತ್ರಗಳು ಅಗ್ನಿ ವಿಮೆಯಲ್ಲಿ ತಾವಾಗಿ ಸೇರುವುದಿಲ್ಲ. ಇಂಡೆಮ್ನಿಟಿ ಪಾಲಿಸಿಯಲ್ಲಿ ‘ದಾಖಲೆ ನಷ್ಟ’ದ ಭಾಗವಿದೆಯೇ ಎಂದು ಕೇಳಿ ನೋಡಿ.

ಸೈಬರ್ ವಿಮೆ ಚಿಕ್ಕ ಕಚೇರಿಗೆ ಈಗಲೇ ಬೇಕೇ ಎಂಬುದು ಚರ್ಚೆಯ ವಿಷಯ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಡಿಎಲ್‌ಎ ಪೈಪರ್‌ನಂಥ ಜಾಗತಿಕ ಕಾನೂನು ಸಂಸ್ಥೆಯೇ ಸಿಲುಕಿತ್ತು, ನಿಜ. ಆದರೂ ಕಕ್ಷಿದಾರರ ಹಣ ಕಚೇರಿಯ ಖಾತೆಯ ಮೂಲಕ ಹಾದುಹೋಗದಿದ್ದರೆ, ಆ ದುಡ್ಡಿನಲ್ಲಿ ಇಂಡೆಮ್ನಿಟಿ ಮಿತಿ ಹೆಚ್ಚಿಸಿಕೊಳ್ಳುವುದೇ ಲೇಸು.

ಫಾರಂ ತುಂಬುವಾಗ ಹಳೆಯ ತಕರಾರುಗಳನ್ನು ಮುಚ್ಚಿಡಬಾರದು, ಮುಂದೆ ಕ್ಲೇಮು ತಿರಸ್ಕರಿಸಲು ಅದೇ ನೆಪವಾಗುತ್ತದೆ. ಕಕ್ಷಿದಾರರಿಂದ ನೋಟಿಸು ಬಂದರೆ ತಪ್ಪೊಪ್ಪಿಕೊಂಡು ಪತ್ರ ಬರೆಯುವ ಮುನ್ನ ಕಂಪನಿಗೆ ತಿಳಿಸಿ. ಪ್ರೀಮಿಯಂ ತಲುಪದೆ ರಕ್ಷಣೆ ಶುರುವಾಗದು, ಹಾಗಾಗಿ ನವೀಕರಣದ ಹಣ ಗಡುವಿಗೆ ಮುಂಚೆಯೇ ಕಟ್ಟಿ. ಕಂಪನಿಯ ಜೊತೆ ಜಗಳ ಬಗೆಹರಿಯದಿದ್ದರೆ, ಒಬ್ಬರೇ ನಡೆಸುವ ಕಚೇರಿಯವರು ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ಪರಿಹಾರದ ಮಿತಿ 50 ಲಕ್ಷ ರೂಪಾಯಿ.